ಬೆನ್ನ ಮೇಲೆ ತಲೆಬುರುಡೆ ಹೊತ್ತ ಎಳ್ಳಿನ ಪತಂಗ

ಮಳೆಗಾಲದ ರಾತ್ರಿ ದೀಪದ ಕಂಬಕ್ಕೆ ಬಡಿದು ಕೆಳಗೆ ಬೀಳುವ, ಹಿಡಿದರೆ ಇಲಿಯಂತೆ ಕೀಚುಗುಟ್ಟುವ ದೊಡ್ಡ ಪತಂಗವೊಂದಿದೆ. ಬೆನ್ನ ಮೇಲೆ ಮನುಷ್ಯನ ತಲೆಬುರುಡೆಯನ್ನು ಹೋಲುವ ಗುರುತು. ವೈಜ್ಞಾನಿಕ ಹೆಸರು ಅಕೆರಾಂಟಿಯಾ ಸ್ಟಿಕ್ಸ್. ಅಕೆರಾನ್, ಸ್ಟಿಕ್ಸ್ ಎರಡೂ ಗ್ರೀಕ್ ಪುರಾಣದಲ್ಲಿ ಪಾತಾಳದ ನದಿಗಳು. ಹೆಸರಿಟ್ಟ ವಿಜ್ಞಾನಿಗಳೂ ಆ ಗುರುತಿಗೆ ಬೆಚ್ಚಿದ್ದರೋ ಏನೋ!

ಗಿಡುಗ ಪತಂಗಗಳ ಸ್ಫಿಂಜಿಡೇ ಕುಟುಂಬಕ್ಕೆ ಸೇರಿದ ಇದು ಭಾರತವೂ ಸೇರಿದಂತೆ ಏಷ್ಯಾದ ಬಹುಭಾಗದಲ್ಲಿದೆ. ರೆಕ್ಕೆ ಬಿಚ್ಚಿದರೆ ಅಗಲ ಸುಮಾರು 10 ಸೆಂ.ಮೀ. ಮೈ ತುಂಬ ರೋಮ, ಹೊಟ್ಟೆಯ ಮೇಲೆ ಹಳದಿ–ಕಪ್ಪು ಪಟ್ಟೆ.

ಬೀದರ್ ಜಿಲ್ಲೆಯ ಔರಾದ, ಭಾಲ್ಕಿ ಭಾಗದ ಕಪ್ಪು ಮಣ್ಣಿನ ಹೊಲಗಳಲ್ಲಿ ತೊಗರಿ, ಉದ್ದು, ಹೆಸರು, ಸೋಯಾಬೀನ್ ಜೊತೆಗೆ ಮುಂಗಾರಿನಲ್ಲಿ ಎಳ್ಳು ಬೆಳೆಯುವುದೂ ಉಂಟು. ಈ ಪತಂಗದ ಮರಿಹುಳುವಿಗೆ ಎಳ್ಳಿನ ಎಲೆಯೇ ಅಚ್ಚುಮೆಚ್ಚು. ಬದನೆ, ಮಲ್ಲಿಗೆ, ಅವರೆಯನ್ನೂ ಅದು ಬಿಡುವುದಿಲ್ಲ. ಹೆಣ್ಣು ಪತಂಗ ಎಲೆಗಳ ಮೇಲೆ ಒಂದೊಂದಾಗಿ ಮೊಟ್ಟೆ ಇಡುತ್ತದೆ. ಹಸಿರು ಮೈ, ಓರೆಯಾದ ಹಳದಿ ಗೆರೆ, ಬಾಲದ ತುದಿಗೊಂದು ಬಾಗಿದ ಕೊಂಬು, ಇದು ಮರಿಹುಳುವಿನ ಚಹರೆ. ಬಲಿತದ್ದು ಬೆರಳಿಗಿಂತ ಉದ್ದ. ಒಂದೇ ಹುಳು ಗಿಡದ ಎಲೆಗಳನ್ನೆಲ್ಲ ತಿಂದು ಬರಿದು ಮಾಡಬಲ್ಲದು. ಮನೆಖರ್ಚಿಗೆಂದು ನಾಲ್ಕು ಸಾಲು ಎಳ್ಳು ಹಾಕಿದವನಿಗೆ ಅದು ಸಣ್ಣ ನಷ್ಟವಲ್ಲ. ಕೊಂಬು ಕಂಡು ಕೂಲಿಯವರು ಹೆದರುವುದುಂಟು. ಆದರೆ ಅದು ಚುಚ್ಚುವುದಿಲ್ಲ, ವಿಷವೂ ಇಲ್ಲ. ಆದ್ದರಿಂದ ಬಿಡಿಬಿಡಿಯಾಗಿ ಕಾಣುವ ಹುಳುಗಳನ್ನು ಕೈಯಿಂದ ಆರಿಸಿ ತೆಗೆಯುವುದೇ ಸುಲಭದ ಉಪಾಯ. ಅಲ್ಪ ಹುಳುವಿಗೆ ಔಷಧ ಸಿಂಪಡಿಸಿದರೆ ಎಳ್ಳಿನ ಹೂವಿಗೆ ಬರುವ ಜೇನುನೊಣಗಳಿಗೇ ಕೇಡು.

ಆ ಜೇನುನೊಣಗಳಿಗೆ ಪತಂಗವೂ ಕಳ್ಳನೇ. ರಾತ್ರಿ ಗೂಡಿಗೆ ನುಗ್ಗಿ, ಗಿಡ್ಡ ಗಟ್ಟಿ ಸೊಂಡಿಲಿನಿಂದ ಮೇಣದ ಮುಚ್ಚಳ ಚುಚ್ಚಿ ಜೇನು ಹೀರುತ್ತದೆ. ಇದರ ಸೋದರ ಪ್ರಭೇದ, ಆಫ್ರಿಕಾ ಮತ್ತು ಯುರೋಪಿನ ಅಕೆರಾಂಟಿಯಾ ಅಟ್ರೋಪಸ್, ಜೇನುನೊಣಗಳ ಮೈವಾಸನೆಯನ್ನೇ ಹೊದ್ದು ಒಳಹೋಗುತ್ತದೆಂದು 1991ರ ಅಧ್ಯಯನ ತಿಳಿಸಿತು. ಕೀಚಲು ದನಿಯ ಗುಟ್ಟು ಇಷ್ಟೇ: ಗಂಟಲಿನೊಳಕ್ಕೆ ಗಾಳಿ ಎಳೆದು ಹೊರದೂಡುವಾಗ ಹುಟ್ಟುವ ಸದ್ದು ಅದು. ಪೆಟ್ಟಿಗೆಯಲ್ಲಿ ಜೇನು ಸಾಕುವವರು ಬಾಗಿಲನ್ನು ನೊಣ ಹಾಯುವಷ್ಟೇ ಕಿರಿದು ಮಾಡಿದರೆ ಈ ದಪ್ಪ ಮೈಯ ಕಳ್ಳ ಒಳಗೆ ಹೋಗಲಾರ.

ಬೆಳೆದ ಹುಳು ಗಿಡದಿಂದಿಳಿದು ಮಣ್ಣಿನೊಳಗೆ ಕೋಶವಾಗುತ್ತದೆ. ಎಳ್ಳು ಕೊಯ್ದ ಮೇಲೆ ಹೊಲವನ್ನು ಆಳವಾಗಿ ಉತ್ತರೆ ಈ ಕಂದು ಕೋಶಗಳು ಮೇಲೆದ್ದು ಬರುತ್ತವೆ. ನೇಗಿಲ ಹಿಂದೆ ನಡೆಯುವ ಬೆಳ್ಳಕ್ಕಿ, ಗೊರವಂಕಗಳು ಅವನ್ನು ಹೆಕ್ಕಿ ತಿನ್ನುತ್ತವೆ.