ಬಕೆಟ್ ಮೇಲೆ ಕೂತ ಅಪ್ಪ: ಅಮೆರಿಕದ ಬಾಲಕಿಯರ ಸಾಫ್ಟ್‌ಬಾಲ್‌ನಲ್ಲಿ ಪ್ರೇರಣೆ ಮತ್ತು ಋಣಭಾವ

ಹನ್ನೆರಡು ವರ್ಷದ ಹುಡುಗಿಯೊಬ್ಬಳು ಯಾರೂ ಹೇಳದೆಯೇ ಸಂಜೆ ಹಿತ್ತಲಿಗೆ ಹೋಗಿ, ಕತ್ತಲಾಗುವವರೆಗೂ ಬಲೆಗೆ ಚೆಂಡು ಎಸೆಯುತ್ತಿದ್ದರೆ ಅವಳಿಗೆ ಆಟದ ಹುಚ್ಚು ಹಿಡಿದಿದೆ ಎಂದು ಹೆತ್ತವರು ಹಿಗ್ಗುತ್ತಾರೆ. ಹಿಗ್ಗುವುದು ಸಹಜ. ಆದರೆ ಅದೇ ಹುಡುಗಿ ಅದೇ ಹಿತ್ತಲಿನಲ್ಲಿ ಬೇರೊಂದು ಕಾರಣಕ್ಕೂ ನಿಂತಿರಬಹುದು. ಮನೆಯವರು ನನಗಾಗಿ ಇಷ್ಟೆಲ್ಲ ಮಾಡಿದ್ದಾರೆ, ಸೋತು ಬಂದರೆ ಅವರ ಮುಖ ಹೇಗೆ ನೋಡಲಿ ಎಂಬ ಅಳುಕೂ ಅವಳನ್ನು ಅಲ್ಲಿ ನಿಲ್ಲಿಸಿರಬಹುದು. ನೋಡುವವರಿಗೆ ಎರಡೂ ಒಂದೇ ಥರ. ಹೆತ್ತವರ ಪ್ರೇರಣೆಯನ್ನೂ ಮಗಳ ಪ್ರೇರಣೆಯನ್ನೂ ಬಿಡಿಬಿಡಿಯಾಗಿ ಅಳೆಯುವ ಪದ್ಧತಿಗೆ ಈ ವ್ಯತ್ಯಾಸ ಸಿಕ್ಕುವುದಿಲ್ಲ ಎಂಬುದು ಈ ಲೇಖನದ ವಾದ. ಇಬ್ಬರ ನಡುವೆ ಬೆಳೆಯುವ ಋಣಭಾವವೇ ಅಧ್ಯಯನದ ವಸ್ತುವಾಗಬೇಕು. ಆ ಭಾವವನ್ನು ಬೆಳೆಸುವುದರಲ್ಲಿ ಹೆತ್ತವರ ಸ್ವಭಾವಕ್ಕಿಂತ ಆಟದ ವ್ಯವಸ್ಥೆಯ ಪಾಲು ದೊಡ್ಡದು.

1887ರಲ್ಲಿ ಶಿಕಾಗೊದ ಫ್ಯಾರಗಟ್ ಬೋಟ್ ಕ್ಲಬ್ಬಿನಲ್ಲಿ ಚಳಿಗಾಲದ ಒಳಾಂಗಣ ಆಟವಾಗಿ ಹುಟ್ಟಿದ ಸಾಫ್ಟ್‌ಬಾಲನ್ನು ಬಹುಕಾಲ ಗಂಡಸರೂ ಹೆಂಗಸರೂ ಆಡುತ್ತಿದ್ದರು. ಅದು ಹುಡುಗಿಯರ ಆಟವಾಗಿ ಗಟ್ಟಿಯಾದದ್ದು 1970ರ ದಶಕದಲ್ಲಿ. 1972ರ ಜೂನ್ 23ರಂದು ಅಧ್ಯಕ್ಷ ನಿಕ್ಸನ್ ಸಹಿ ಹಾಕಿದ ‘ಟೈಟಲ್ ನೈನ್’ ಕಾನೂನು, ಕೇಂದ್ರದ ನೆರವು ಪಡೆಯುವ ಶಿಕ್ಷಣ ಸಂಸ್ಥೆಗಳಲ್ಲಿ ಲಿಂಗಭೇದವನ್ನು ನಿಷೇಧಿಸಿತು. ಅದೇ ವರ್ಷ ನ್ಯೂಜೆರ್ಸಿಯ ಹೋಬೋಕೆನ್‌ನಲ್ಲಿ ಮರಿಯಾ ಪೆಪೆ ಎಂಬ ಹುಡುಗಿಯನ್ನು ಲಿಟ್ಲ್ ಲೀಗ್ ಬೇಸ್‌ಬಾಲ್ ತಂಡದಿಂದ ಹೊರಗಿಡಲಾಯಿತು. ವ್ಯಾಜ್ಯ ನಡೆದು 1974ರಲ್ಲಿ ಲಿಟ್ಲ್ ಲೀಗ್ ಹುಡುಗಿಯರಿಗೆ ಬಾಗಿಲು ತೆರೆಯಿತು. ಅದೇ ವರ್ಷ ಅವರಿಗೆಂದೇ ಸಾಫ್ಟ್‌ಬಾಲ್ ವಿಭಾಗವನ್ನೂ ಆರಂಭಿಸಿತು. ಬೇಸ್‌ಬಾಲ್ ಆಡಲು ಕಾನೂನಿನ ಅಡ್ಡಿ ಹೋದರೂ ಹುಡುಗಿಯರ ಹೆಜ್ಜೆ ಸಾಫ್ಟ್‌ಬಾಲ್ ಕಡೆಗೇ ತಿರುಗಿತು. 1971-72ರಲ್ಲಿ ಅಮೆರಿಕದ ಪ್ರೌಢಶಾಲೆಗಳಲ್ಲಿ ಎಲ್ಲ ಕ್ರೀಡೆಗಳೂ ಸೇರಿ ಆಡುತ್ತಿದ್ದ ಹುಡುಗಿಯರು ಮೂರು ಲಕ್ಷಕ್ಕೂ ಕಡಿಮೆ. ಇಂದು ಮೂವತ್ತು ಲಕ್ಷಕ್ಕೂ ಹೆಚ್ಚು. 1982ರಿಂದ ಕಾಲೇಜು ಕ್ರೀಡೆಗಳ ರಾಷ್ಟ್ರೀಯ ಸಂಸ್ಥೆಯಾದ ಎನ್‌ಸಿಎಎ ಮಹಿಳಾ ಸಾಫ್ಟ್‌ಬಾಲ್‌ಗೆ ತನ್ನದೇ ಚಾಂಪಿಯನ್‌ಷಿಪ್ ನಡೆಸುತ್ತಿದೆ. ಈಗ ಗ್ಯಾಲರಿಯಲ್ಲಿ ಕೂತಿರುವ ಅಮ್ಮಂದಿರಲ್ಲಿ ಅನೇಕರು ಈ ಬದಲಾವಣೆಯ ಫಲ ಉಂಡವರು, ಸ್ವತಃ ಆಡಿ ಬಂದವರು. ತಮ್ಮ ಅಮ್ಮಂದಿರಿಗೆ ದಕ್ಕದೇ ಹೋದದ್ದು ತಮಗೆ ದಕ್ಕಿತು, ಅದು ಮಗಳ ಕೈತಪ್ಪಬಾರದು ಎಂಬ ಅವರ ಹಂಬಲವನ್ನು ಮಹತ್ವಾಕಾಂಕ್ಷೆ ಎಂದು ತಳ್ಳಿಹಾಕುವುದು ಅನ್ಯಾಯ.

ಊರಿನ ಮನರಂಜನಾ ಲೀಗಿನಲ್ಲಿ ಆಡುವ ಹುಡುಗಿ ಎಂಟು-ಹತ್ತು ವರ್ಷಕ್ಕೇ ಊರೂರು ಸುತ್ತಿ ಆಡುವ ಕ್ಲಬ್ ತಂಡಗಳ ‘ಟ್ರಾವೆಲ್ ಬಾಲ್’ಗೆ ಸೇರಿದರೆ ಮನೆಯ ದಿನಚರಿಯೇ ಬದಲಾಗುತ್ತದೆ. ಕ್ಲಬ್ಬಿನ ಶುಲ್ಕ, ಸಮವಸ್ತ್ರ, ಬ್ಯಾಟು, ಪಿಚಿಂಗ್ ಕೋಚ್‌ಗೆ ಬೇರೆ ಫೀಜು. ವಾರಾಂತ್ಯ ಬಂದರೆ ಇನ್ನೊಂದು ಊರು, ಹೋಟೆಲ್ ರೂಮು. ಶನಿವಾರ ಗುಂಪು ಹಂತದ ಪಂದ್ಯಗಳು, ಭಾನುವಾರ ನಾಕೌಟ್. ಅಣ್ಣ-ತಮ್ಮಂದಿರ ಹುಟ್ಟುಹಬ್ಬವೂ ಟೂರ್ನಿಯ ವೇಳಾಪಟ್ಟಿ ನೋಡಿಯೇ ನಡೆಯಬೇಕು. ಇನ್ನೂ ಮೇಲಿನ ಹಂತದಲ್ಲಿ ಕಾಲೇಜು ಕೋಚ್‌ಗಳು ಬಂದು ನೋಡಿಹೋಗುವ ‘ಷೋಕೇಸ್’ ಟೂರ್ನಿಗಳಿವೆ.

ಹೆತ್ತವರನ್ನು ಕೇಳಿದರೆ ಮೊದಲು ಬರುವ ಉತ್ತರ ಸ್ಕಾಲರ್‌ಶಿಪ್. ಆ ಉತ್ತರವನ್ನು ಲೆಕ್ಕಕ್ಕೆ ಹಚ್ಚಿ ನೋಡಬೇಕು. ಪ್ರೌಢಶಾಲಾ ಮಟ್ಟದಲ್ಲಿ ಸಾಫ್ಟ್‌ಬಾಲ್ ಆಡುವವರು ಮೂರೂವರೆ ಲಕ್ಷದ ಆಸುಪಾಸು. ಎನ್‌ಸಿಎಎಯ ಮೊದಲ ವಿಭಾಗದಲ್ಲಿರುವ ಕಾಲೇಜು ತಂಡಗಳು ಸುಮಾರು 300. ತೀರ ಈಚಿನವರೆಗೆ ಒಂದು ತಂಡಕ್ಕೆ 12 ಪೂರ್ಣ ಸ್ಕಾಲರ್‌ಶಿಪ್‌ಗಳ ಮೊತ್ತದ ಮಿತಿ ಇತ್ತು, ಅದನ್ನೇ ಇಪ್ಪತ್ತಕ್ಕೂ ಹೆಚ್ಚು ಆಟಗಾರ್ತಿಯರಿಗೆ ತುಂಡು ಮಾಡಿ ಹಂಚುತ್ತಿದ್ದರು. ಆ ಮಟ್ಟದಲ್ಲಿ ಇಡೀ ದೇಶಕ್ಕೆ ಇದ್ದದ್ದು 3,600 ಪೂರ್ಣ ಸ್ಕಾಲರ್‌ಶಿಪ್‌ಗಳಷ್ಟು ಹಣ, ಅಂದರೆ ನೂರು ಹುಡುಗಿಯರಿಗೆ ಒಂದು. 2025-26ರಿಂದ ಆ ಮಿತಿ ಹೋಗಿ, ಹೊಸ ವ್ಯವಸ್ಥೆ ಒಪ್ಪಿದ ಕಾಲೇಜುಗಳಲ್ಲಿ ತಂಡಕ್ಕೆ 25 ಜನರ ಮಿತಿ ಬಂದಿದೆ. ಆದರೂ ಲೆಕ್ಕದ ಸ್ವರೂಪ ಬಹಳ ಬದಲಾಗದು. ಹೆತ್ತವರು ಲೆಕ್ಕ ಬಾರದವರೇನಲ್ಲ. ಹಾಗಾಗಿ ಸ್ಕಾಲರ್‌ಶಿಪ್ ಅವರ ನಿಜವಾದ ಕಾರಣವಾಗಿರುವುದಕ್ಕಿಂತ, ನಾಲ್ಕು ಜನರ ಮುಂದೆ ಹೇಳಿಕೊಳ್ಳಬಹುದಾದ ಕಾರಣವಾಗಿದೆ ಎಂದು ನಾನು ಓದುತ್ತೇನೆ.

ನಿಜವಾದ ಕಾರಣದ ಸುಳಿವನ್ನು ಸಮಾಜಶಾಸ್ತ್ರಜ್ಞರು ಕೊಟ್ಟಿದ್ದಾರೆ. ಆನೆಟ್ ಲರೋ 2003ರಲ್ಲಿ ಪ್ರಕಟಿಸಿದ ‘ಅನ್‌ಈಕ್ವಲ್ ಚೈಲ್ಡ್‌ಹುಡ್ಸ್’ನಲ್ಲಿ, ಮಧ್ಯಮವರ್ಗದ ಮನೆಗಳು ಮಕ್ಕಳ ಪ್ರತಿ ಗಂಟೆಯನ್ನೂ ಯೋಜಿತವಾಗಿ ರೂಪಿಸುವ ಬಗೆಯನ್ನು ತೋರಿಸಿದರು. ಹಿಲರಿ ಲೆವಿ ಫ್ರೀಡ್‌ಮನ್ 2013ರ ‘ಪ್ಲೇಯಿಂಗ್ ಟು ವಿನ್’ನಲ್ಲಿ ಚೆಸ್, ನೃತ್ಯ, ಸಾಕರ್ ಕುಟುಂಬಗಳನ್ನು ಅಧ್ಯಯನ ಮಾಡಿ, ಹೆತ್ತವರಿಗೆ ಬೇಕಾದದ್ದು ಪದಕವಲ್ಲ, ಸೋತು ಏಳುವ, ಎಲ್ಲರ ಕಣ್ಣೆದುರು ಒತ್ತಡ ತಾಳುವ ಶಕ್ತಿ ಎಂದು ಗುರುತಿಸಿದರು. ಜೇ ಕೋಕ್ಲಿ ಇನ್ನೂ ಹತ್ತಿರಕ್ಕೆ ಬರುತ್ತಾರೆ. ಮಕ್ಕಳ ಕ್ರೀಡಾಸಾಧನೆ ಈಗ ಹೆತ್ತವರ, ವಿಶೇಷವಾಗಿ ಅಪ್ಪಂದಿರ, ನೈತಿಕ ಯೋಗ್ಯತೆಯ ಅಳತೆಗೋಲಾಗಿದೆ ಎಂಬುದು 2006ರ ಅವರ ಲೇಖನದ ವಾದ. ಮಗಳಿಗೆ ಖಾಸಗಿ ತರಬೇತಿ ಕೊಡಿಸದ ಅಪ್ಪ ಬರೀ ಕೈಬಿಗಿಯವನಾಗಿ ಉಳಿಯುವುದಿಲ್ಲ, ಕರ್ತವ್ಯ ಮರೆತವನಾಗಿಬಿಡುತ್ತಾನೆ. ಮೈಕೆಲ್ ಮೆಸ್ನರ್ ಕ್ಯಾಲಿಫೋರ್ನಿಯಾದಲ್ಲಿ ಕಂಡಂತೆ ಕೋಚ್ ಸ್ಥಾನಕ್ಕೆ ಅಪ್ಪಂದಿರೂ, ತಿಂಡಿ-ಫೋನು-ಪಟ್ಟಿಗಳ ಕೆಲಸಕ್ಕೆ ಅಮ್ಮಂದಿರೂ ತಾವಾಗಿಯೇ ಹಂಚಿಹೋಗುತ್ತಾರೆ.

ಸಾಫ್ಟ್‌ಬಾಲ್‌ನಲ್ಲಿ ಈ ಅಪ್ಪನಿಗೆ ಒಂದು ನಿರ್ದಿಷ್ಟ ಆಸನವಿದೆ. ಕೈಯನ್ನು ಗಾಳಿಯಂತ್ರದ ರೆಕ್ಕೆಯಂತೆ ಪೂರ್ತಿ ಸುತ್ತಿಸಿ ಸೊಂಟದ ಬಳಿ ಚೆಂಡು ಬಿಡುವ ಪಿಚಿಂಗ್ ವಿದ್ಯೆ ಸಾವಿರಾರು ಎಸೆತಗಳಿಲ್ಲದೆ ಕೈಗೆ ಹತ್ತುವುದಿಲ್ಲ. ಎಸೆದದ್ದನ್ನು ಹಿಡಿಯಲು ಯಾರಾದರೂ ಬೇಕು. ಚೆಂಡು ತುಂಬುವ ಪ್ಲಾಸ್ಟಿಕ್ ಬಕೆಟ್ಟಿಗೆ ಮೆತ್ತನೆಯ ಮುಚ್ಚಳ ಹಾಕಿ, ಅದರ ಮೇಲೆ ಕೂತು, ಕೈಗವಸು ತೊಟ್ಟು ಅಪ್ಪ ಹಿಡಿಯುತ್ತಾನೆ. ಈ ಅಪ್ಪಂದಿರಿಗೆ ‘ಬಕೆಟ್ ಡ್ಯಾಡ್’ ಎಂದೇ ಹೆಸರು. ಮಗಳಿಗೆ ಹತ್ತಾಗುವವರೆಗೆ 35 ಅಡಿ ದೂರದಿಂದ ಬರುತ್ತಿದ್ದ ಚೆಂಡು ಆಮೇಲೆ 40 ಅಡಿಯಿಂದ, ಮುಂದೆ 43 ಅಡಿಯಿಂದ ಬರುತ್ತದೆ. ದೂರ ಹೆಚ್ಚಿದರೂ ವೇಗ ಅದಕ್ಕಿಂತ ಬೇಗ ಏರುತ್ತದೆ, ಒಂದು ದಿನ ಅಪ್ಪನ ಮೊಣಕಾಲಿಗೆ ರಕ್ಷಾಪಟ್ಟಿ ಬರುತ್ತದೆ. 2004ರ ಒಲಿಂಪಿಕ್ ಚಿನ್ನ ಗೆದ್ದ ತಂಡದ ಪಿಚರ್ ಜೆನ್ನಿ ಫಿಂಚ್ ಅವರ ತಂದೆ ಮಗಳ ತೋಳಿನ ತಿರುವು ಪಳಗಲೆಂದು ತಾವೇ ಒಂದು ಸಾಧನ ಕಟ್ಟಿದ್ದರು. ಪ್ರಾಯಕ್ಕೆ ಬಂದ ಮಗಳು ಅಪ್ಪನ ಜೊತೆ ಮಾತು ಕಡಿಮೆ ಮಾಡುವ ವಯಸ್ಸಿನಲ್ಲಿ ವಾರಕ್ಕೆ ಮೂರು ಸಂಜೆ ಎದುರುಬದುರು ಇರಲು ಸಿಗುವ ನೆಪ ಇದು. ಮಗಳ ಆಟ ನಿಂತರೆ ಆ ಸಂಜೆಗಳೂ ನಿಲ್ಲುತ್ತವೆ. ಅಪ್ಪನ ಪ್ರೇರಣೆಯ ಈ ಭಾಗವನ್ನು ಯಾವ ಪ್ರಶ್ನಾವಳಿಯೂ ಕೇಳುವುದಿಲ್ಲ. ನನ್ನ ದೃಷ್ಟಿಯಲ್ಲಿ ಅತ್ಯಂತ ಬಲವಾದ ಭಾಗ ಇದೇ.

ಹುಡುಗಿಯರ ಕಾರಣಗಳು ಮೈದಾನದ ಬದಿಯಲ್ಲಿ ತಂಡ ಕೂರುವ ಡಗ್‌ಔಟ್‌ನಲ್ಲಿ ಕೇಳಿಸುತ್ತವೆ. ಬ್ಯಾಟ್ ಹಿಡಿದ ಗೆಳತಿಗಾಗಿ ಬೇಲಿಗೆ ಅಂಟಿ ನಿಂತು, ತಾಳ ಹಾಕಿ, ಪ್ರತಿಯೊಬ್ಬಳ ಹೆಸರಿಗೂ ಒಂದೊಂದು ಪಲ್ಲವಿ ಕಟ್ಟಿ ಕೂಗುವುದು ಈ ಆಟದ ರೂಢಿ. ಪಂದ್ಯಕ್ಕೆ ಮುಂಚೆ ಒಬ್ಬರಿಗೊಬ್ಬರು ಜಡೆ ಹಾಕಿಕೊಳ್ಳುವುದೂ ಹಾಗೆಯೇ. ಅಮಾಂಡಾ ವಿಸೆಕ್ ಮತ್ತು ಸಂಗಡಿಗರು 2014ರಲ್ಲಿ ಸಾಕರ್ ಆಡುವ ಮಕ್ಕಳನ್ನು ‘ಆಟದಲ್ಲಿ ಖುಷಿ ಎಂದರೇನು’ ಎಂದು ಕೇಳಿದಾಗ ಸಿಕ್ಕ 81 ಅಂಶಗಳಲ್ಲಿ ಗೆಲುವು ಬಹಳ ಕೆಳಗಿತ್ತು. ಮೈಮುರಿದು ಆಡುವುದು, ಒಳ್ಳೆಯ ಕೋಚ್, ತಂಡದವರ ಒಡನಾಟ ಮೇಲಿದ್ದವು. ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್ ರೂಪಿಸಿದ ಸ್ವನಿರ್ಣಯ ಸಿದ್ಧಾಂತದ ಪ್ರಕಾರ ಸ್ವಾಯತ್ತತೆ, ಸಾಮರ್ಥ್ಯ, ಸಂಬಂಧ ಎಂಬ ಮೂರು ಹಸಿವುಗಳು ತೀರಿದಾಗ ಪ್ರೇರಣೆ ಒಳಗಿನಿಂದ ಹುಟ್ಟುತ್ತದೆ. ಟ್ರಾವೆಲ್ ಬಾಲ್ ಕೊನೆಯ ಎರಡನ್ನು ಧಾರಾಳವಾಗಿ ತೀರಿಸುತ್ತದೆ. ಮೊದಲನೆಯದು ಮಾತ್ರ ಇಲ್ಲಿ ಬಡವಾಗುತ್ತದೆ, ಯಾಕೆಂದರೆ ಬಿಡುವ ಸ್ವಾತಂತ್ರ್ಯವಿಲ್ಲದ ಕಡೆ ಆಡುವ ಸ್ವಾತಂತ್ರ್ಯವೂ ಅರೆಬರೆ.

ಡೆಸಿ ಮತ್ತು ರಯಾನ್ ಹೊರಗಿನ ಪ್ರೇರಣೆಯಲ್ಲೂ ಮೆಟ್ಟಿಲುಗಳನ್ನು ಗುರುತಿಸಿದ್ದಾರೆ. ಅವುಗಳಲ್ಲೊಂದು, ಹೊರಗಿನ ಒತ್ತಾಯ ಮನಸ್ಸಿನೊಳಕ್ಕೆ ಇಳಿದು ಅಪರಾಧಿಭಾವವಾಗಿ, ನಾಚಿಕೆಯಾಗಿ ಕೆಲಸ ಮಾಡುವ ಸ್ಥಿತಿ. ಹಿತ್ತಲಿನ ಹುಡುಗಿಯ ಎರಡನೆಯ ಕಾರಣ ಇದೇ. ಟ್ರಾವಿಸ್ ಡಾರ್ಶ್ ಮತ್ತು ಸಹೋದ್ಯೋಗಿಗಳು 2016ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದಕ್ಕೆ ಪುಷ್ಟಿ ಕೊಡುತ್ತದೆ: ಕುಟುಂಬದ ಆದಾಯದಲ್ಲಿ ಆಟಕ್ಕೆ ಹೋಗುವ ಪಾಲು ಹೆಚ್ಚಿದಷ್ಟೂ ಮಕ್ಕಳಿಗೆ ಅನಿಸುವ ಒತ್ತಡ ಹೆಚ್ಚು, ಒತ್ತಡ ಹೆಚ್ಚಿದಷ್ಟೂ ಖುಷಿ ಮತ್ತು ಬದ್ಧತೆ ಕಡಿಮೆ. ಅವರು ಅಳೆದದ್ದು ಮಕ್ಕಳಿಗೆ ಅನಿಸಿದ ಒತ್ತಡವನ್ನು ಎಂಬುದು ಮುಖ್ಯ. ಅಮ್ಮ ‘ಗೆದ್ದರೂ ಸೋತರೂ ಪರವಾಗಿಲ್ಲ’ ಎಂದು ಮನಸಾರೆ ಹೇಳಿರಬಹುದು. ಆದರೆ ಹೋಟೆಲ್ ಬಿಲ್ಲು ನೋಡುವಾಗ ಅವಳ ಹುಬ್ಬು ಗಂಟಾದದ್ದನ್ನು ಮಗಳು ನೋಡಿರುತ್ತಾಳೆ.

ಈ ಭಾವ ಬಯಲಿಗೆ ಬರುವ ಜಾಗ ನೋವು. ಕೆಳಗಿನಿಂದ ಎಸೆಯುವುದು ತೋಳಿಗೆ ಸಹಜ, ಹಾಗಾಗಿ ಪಿಚರ್‌ಗೆ ದಣಿವಿಲ್ಲ ಎಂಬ ನಂಬಿಕೆ ಈ ಆಟದಲ್ಲಿ ಬೇರೂರಿತ್ತು. ಒಬ್ಬಳೇ ಹುಡುಗಿ ಒಂದೇ ವಾರಾಂತ್ಯದಲ್ಲಿ ಹಲವು ಪಂದ್ಯ ಎಸೆಯುವುದು ಮಾಮೂಲಾಗಿತ್ತು. ಆದರೆ ಭುಜದ ಮೇಲೆ ಬೀಳುವ ಒತ್ತಡ ಬೇಸ್‌ಬಾಲ್ ಪಿಚರ್‌ನದಕ್ಕೆ ಹತ್ತಿರದ್ದು ಎಂದು ಕ್ರೀಡಾವೈದ್ಯರ ಅಳತೆಗಳು ತೋರಿಸಿವೆ. ಆಟಕ್ಕೆ ಒಲಿದವಳು ನೋವೆಂದರೆ ನೋವೆನ್ನುತ್ತಾಳೆ, ಯಾಕೆಂದರೆ ಮುಂದಿನ ವರ್ಷವೂ ಅವಳಿಗೆ ಆಡಬೇಕಿದೆ. ಋಣ ತೀರಿಸುತ್ತಿರುವವಳು ಭುಜಕ್ಕೆ ಐಸ್ ಒತ್ತಿಕೊಂಡು ಸುಮ್ಮನಿರುತ್ತಾಳೆ. ಒಲವಿದ್ದವರೂ ಕೆಲವೊಮ್ಮೆ ನೋವು ಮುಚ್ಚಿಡುವುದುಂಟು, ಆದ್ದರಿಂದ ಇದೊಂದನ್ನೇ ಪರೀಕ್ಷೆಯಾಗಿಸಲಾಗದು. ಆದರೂ ಹೆತ್ತವರೂ ಸಂಶೋಧಕರೂ ಎಸೆತದ ವೇಗಕ್ಕಿಂತ ಈ ಮೌನಕ್ಕೆ ಹೆಚ್ಚು ಗಮನ ಕೊಡಬೇಕು.

ವ್ಯವಸ್ಥೆ ಬದಲಾದರೆ ಪ್ರೇರಣೆಯೂ ಬದಲಾಗುತ್ತದೆಯೇ ಎಂದು ಪರೀಕ್ಷಿಸಲು ಈಗ ಅಪರೂಪದ ಅವಕಾಶವಿದೆ. 2018ಕ್ಕೆ ಮುಂಚೆ ಕಾಲೇಜು ಕೋಚ್‌ಗಳು ಏಳು-ಎಂಟನೇ ತರಗತಿಯ ಹುಡುಗಿಯರಿಂದಲೇ ಬಾಯಿಮಾತಿನ ಒಪ್ಪಿಗೆ ಪಡೆಯುತ್ತಿದ್ದರು. ಆ ವರ್ಷ ಎನ್‌ಸಿಎಎ ನಿಯಮ ಬಿಗಿಗೊಳಿಸಿ, ಹನ್ನೊಂದನೇ ತರಗತಿಯ ಸೆಪ್ಟೆಂಬರ್ 1ಕ್ಕೆ ಮುಂಚೆ ಕೋಚ್‌ಗಳು ಆಟಗಾರ್ತಿಯರೊಡನೆ ಮಾತುಕತೆ ನಡೆಸದಂತೆ ಮಾಡಿತು. ಹದಿಮೂರರಲ್ಲೇ ಮಾತು ಕೊಟ್ಟು ಸಿಕ್ಕಿಕೊಂಡವರೂ, ಹದಿನಾರರವರೆಗೆ ಕಾಯಲು ಅವಕಾಶ ಸಿಕ್ಕವರೂ ಈಗ ಯುವತಿಯರಾಗಿದ್ದಾರೆ. ಎರಡೂ ಗುಂಪಿನವರನ್ನೂ ಅವರ ಹೆತ್ತವರನ್ನೂ ಬೇರೆಬೇರೆ ಕೂರಿಸಿ ಮಾತಾಡಿಸಬೇಕು. ‘ಆಟ ಇಷ್ಟವಿತ್ತೇ’ ಎಂಬ ಪ್ರಶ್ನೆಗೆ ಎಲ್ಲರೂ ಹೌದೆನ್ನುತ್ತಾರೆ, ಅದರಿಂದ ತಿಳಿಯುವುದು ಕಡಿಮೆ. ಮಗಳನ್ನು ಕೇಳಬೇಕಾದದ್ದು ಇದು: ಆಟ ಬಿಡಬೇಕೆಂದು ಮೊದಲ ಸಲ ಅನಿಸಿದ್ದು ಯಾವಾಗ, ಮನೆಯಲ್ಲಿ ಅದನ್ನು ಯಾರಿಗೆ ಹೇಳಿದೆ, ಹೇಳುವುದಕ್ಕೆ ಎಷ್ಟು ಕಾಲ ಹಿಡಿಯಿತು? ಹೆತ್ತವರನ್ನು ಕೇಳಬೇಕಾದದ್ದು, ಅವಳಿಗೆ ಹಾಗೆ ಅನಿಸಿದ್ದು ನಿಮಗೆ ಗೊತ್ತಿತ್ತೇ ಎಂದು. ಎರಡು ಉತ್ತರಗಳ ನಡುವಿನ ಅಂತರ ಹದಿಮೂರರಲ್ಲಿ ಮಾತು ಕೊಟ್ಟವರ ಮನೆಗಳಲ್ಲಿ ಹೆಚ್ಚಿರುತ್ತದೆ ಎಂಬುದು ನನ್ನ ಊಹೆ. ಹಾಗಿಲ್ಲವೆಂದು ಕಂಡುಬಂದರೆ ಈ ಲೇಖನದ ಕೊನೆಯ ವಾದವನ್ನು, ಅಂದರೆ ದೋಷ ಹೆಚ್ಚಾಗಿ ವ್ಯವಸ್ಥೆಯದು ಎಂಬುದನ್ನು, ಕೈಬಿಡಬೇಕಾಗುತ್ತದೆ.