ಝೆಂಡಾ ಚೌಕಿನ ಗಣಪತಿ, ನಮ್ಮ ಹೊಲದ ಝಟಕಾ ತಂತಿ

ಈ ಸಲದ ಬರಹ ಸ್ವಲ್ಪ ಉದ್ದ ಐತಿ, ರಾತ್ರಿ ಊಟ ಆದ ಮ್ಯಾಲೆ ಓದ್ರಿ.

ಮೊನ್ನೆ ವಿಸರ್ಜನೆ ದಿವಸ ಬೆಳಗಾವಿಗೆ ಹೋಗಿದ್ದೆ. ಔಷಧ ಹೊಡೆಯೋ ಪಂಪಿನ ವಾಷರ್ ತರೋದಿತ್ತು, ಅಂಗಡಿ ಬಂದ್. ಇನ್ನೇನು ಮಾಡೋದು, ಮೆರವಣಿಗೆ ನೋಡ್ತಾ ನಿಂತೆ. ಹದಿನಾರು-ಹದಿನೇಳು ವರ್ಷದ ಹುಡುಗ ಒಬ್ಬ, ಪಾವತಿ ಪುಸ್ತಕ ಕಂಕುಳಲ್ಲಿ ಒತ್ತಿ ಹಿಡಿದು, ಬಿದಿರಿನ ಗಳದಿಂದ ಕೇಬಲ್ ಮೇಲೆತ್ತಿ ಗಣಪತಿಗೆ ದಾರಿ ಮಾಡಿಕೊಡ್ತಿದ್ದ. "ನಿಮ್ಮ ಮಂಡಳದ ಅಧ್ಯಕ್ಷರು ಯಾರಪಾ?" ಅಂತ ಕೇಳಿದೆ. "ಈ ವರ್ಷದವ್ರು ಹಿಂದ ಬರಾಕತ್ತಾರ್ರೀ ಕಾಕಾ" ಅಂದು ಮುಂದ ಹೋದ. 'ಈ ವರ್ಷದವ್ರು' ಅನ್ನೋ ಆ ಮಾತು ಖಾನಾಪುರ ಮುಟ್ಟೋ ತನಕ ನನ್ನ ತಲ್ಯಾಗ ಕೂತಿತ್ತು. ಯಾಕಂತ ಕಡೀಗೆ ಹೇಳ್ತೀನಿ.

ಬೆಳಗಾವಿಯ ಸಾರ್ವಜನಿಕ ಗಣೇಶೋತ್ಸವ ಶುರುವಾದದ್ದು 1905ರಲ್ಲಿ, ಝೆಂಡಾ ಚೌಕದಲ್ಲಿ, ಲೋಕಮಾನ್ಯ ಟಿಳಕರಿಂದ. ಅದಕ್ಕೂ ಮೊದಲು ಚೌತಿ ಇರಲಿಲ್ಲ ಅಂತಲ್ಲ. ಪ್ರತಿ ಮನ್ಯಾಗೂ ಗಣಪತಿ ಇದ್ದ, ಜಗಲಿ ಮ್ಯಾಲೆ ಕೂಡ್ತಿದ್ದ. ಟಿಳಕರು ಅವನನ್ನ ಓಣಿಗೆ ಕರಕೊಂಡು ಬಂದರು, ಅಷ್ಟೇ. ಆ ವಿಚಾರವೂ ಪೂರ್ತಿ ಅವರದಲ್ಲ. ಪುಣೆಯೊಳಗ 1892ರಲ್ಲೇ ಭಾವುಸಾಹೇಬ ರಂಗಾರಿ ಅನ್ನೋ ವೈದ್ಯರು ಸಾರ್ವಜನಿಕ ಗಣಪತಿ ಕೂಡಿಸಿದ್ದರು ಅಂತ ಅಲ್ಲಿನ ಮಂದಿ ಹೇಳ್ತಾರ. ಮರುವರ್ಷ, 1893ರಲ್ಲಿ, ಟಿಳಕರು ಅದನ್ನ ತಮ್ಮ ಕೇಸರಿ ಪತ್ರಿಕೆಯ ಮೂಲಕ ಎತ್ತಿ ಹಿಡಿದು ಊರೂರಿಗೆ ಹಬ್ಬಿಸಿದರು. ಇನ್ನೊಬ್ಬರ ಹೊಲದಾಗ ಚಲೋ ಬೀಜ ಕಂಡರೆ ಮುಚ್ಚಿಡದೆ ಹತ್ತು ಮಂದಿಗೆ ಹಂಚೋ ಬುದ್ಧಿ ಇದು. ನಮ್ಮಲ್ಲಿ ಇದು ಕಮ್ಮಿ, ನನ್ನನ್ನೂ ಸೇರಿಸಿ.

ಬ್ರಿಟಿಷರ ಕಾಲದಾಗ ರಾಜಕೀಯ ಸಭೆ ಅಂದರೆ ಪೊಲೀಸರು ಬಂದು ನಿಲ್ಲೋರು. ದೇವರ ಮುಂದೆ ಕೂಡಿದ ಮಂದೀನ ಚದುರಿಸೋದು ಅಷ್ಟು ಸುಲಭ ಇರಲಿಲ್ಲ. ಕೀರ್ತನೆ, ಮೇಳದ ಹಾಡು, ನಡುವೆ ಒಂದು ಭಾಷಣ. ಅದೇ 1905ರಲ್ಲಿ ಬಂಗಾಳ ಒಡೆದು ಸ್ವದೇಶಿ ಚಳವಳಿ ಎದ್ದಿತ್ತು. ಮಂದಿಗೆ ಕೂಡೋಕೆ ಒಂದು ಜಾಗ ಬೇಕಿತ್ತು, ಸಿಕ್ಕಿತು.

1905 ಅಂದ ಕೂಡಲೇ ರೈತರು ನೆನಪಿಡಬೇಕಾದ ಇನ್ನೊಂದು ಊರು ಐತಿ: ಗದಗ ಹತ್ತಿರದ ಕಣಗಿನಹಾಳ. ಅಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಹಕಾರಿ ಸಂಘ ಕಟ್ಟಿದ್ದು ಅದೇ ವರ್ಷ. ಸರಕಾರದ ಕಾಯ್ದೆ ಬಂದದ್ದು 1904ರಲ್ಲಿ, ಒಂದು ವರ್ಷದಾಗ ಒಂದು ಸಣ್ಣ ಹಳ್ಳಿ ಅದನ್ನ ಬಳಸಿಕೊಂಡಿತು. ನಾವು ಇವತ್ತು ಸೊಸೈಟಿ ಮೆಟ್ಟಿಲು ಹತ್ತಿ ಬೆಳೆಸಾಲ ತಗೋತೀವಲ್ಲ, ಅದರ ತಾಯಿಬೇರು ಅಲ್ಲೈತಿ. ಒಂದು ಕಡೆ ಹಬ್ಬದ ಪಟ್ಟಿ, ಇನ್ನೊಂದು ಕಡೆ ಸಂಘದ ಷೇರು. ಎರಡಕ್ಕೂ ಸಣ್ಣ ಸಣ್ಣ ದುಡ್ಡು, ಎಲ್ಲರ ಕಣ್ಮುಂದೆ ಲೆಕ್ಕ.

ಈಗ ನನಗೆ ಮುಖ್ಯ ಅನಿಸಿದ್ದು. 1908ರಲ್ಲಿ ಟಿಳಕರನ್ನ ಹಿಡಿದು ಬರ್ಮಾದ ಮಂಡಾಲೆ ಜೈಲಿಗೆ ಹಾಕಿದರು. 1914ರ ತನಕ ಅವರು ಅಲ್ಲೇ. 1920ರಲ್ಲಿ ತೀರಿಕೊಂಡರು. ಹಬ್ಬ ಇವತ್ತಿಗೂ ಐತಿ. ಯಾಕಂದರೆ ಕೀಲಿ ಅವರ ಕೈಯಾಗ ಇರಲಿಲ್ಲ, ಗಲ್ಲಿಗಲ್ಲಿ ಹುಡುಗರ ಕೈಯಾಗಿತ್ತು. 1924ರ ಡಿಸೆಂಬರ್ 26, 27ಕ್ಕೆ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ಆತು, ಗಾಂಧೀಜಿ ಅಧ್ಯಕ್ಷರಾಗಿದ್ದ ಒಂದೇ ಒಂದು ಅಧಿವೇಶನ. ಮುಂದೆ ನಿಂತವರು ಟಿಳಕರ ಅನುಯಾಯಿ ಹುದಲಿಯ ಗಂಗಾಧರರಾವ ದೇಶಪಾಂಡೆ. ಸ್ವಯಂಸೇವಕರನ್ನ ಕಟ್ಟಿದವರು ಡಾ. ನಾ. ಸು. ಹರ್ಡೀಕರ. ನೀರಿಗಂತ ತೋಡಿಸಿದ ಪಂಪಾ ಸರೋವರದ ಬಾವಿ ಟಿಳಕವಾಡಿಯಲ್ಲಿ ಇನ್ನೂ ಐತಿ, ಹೋದಾಗ ನೋಡ್ರಿ. ಅಷ್ಟು ಮಂದಿಗೆ ಊಟ, ನೀರು, ವಸತಿ ಸುಧಾರಿಸೋ ಕೈಚಳಕ ಬೆಳಗಾವಿಗೆ ಒಂದೇ ದಿನದಾಗ ಬಂದದ್ದಲ್ಲ, ಓಣಿ ಹಬ್ಬಗಳು ಇಪ್ಪತ್ತು ವರ್ಷ ಕಲಿಸಿದ್ದವು ಅಂತ ನನ್ನ ಅಂದಾಜು. ಓದಿದವರು ಬೇರೆ ಹೇಳಿದರೆ ಕೇಳ್ತೀನಿ.

ಹಬ್ಬದಾಗ ಈಗ ಡಿಜೆ ಹಾವಳಿ ಐತಿ, ಎದೆ ನಡುಗತೈತಿ. ಖಾನಾಪುರದಂಥ ಕುಂಬಾರಿಕೆಗೆ ಹೆಸರಾದ ಮಣ್ಣು ಮಗ್ಗುಲಲ್ಲೇ ಇದ್ದರೂ ಪ್ಲಾಸ್ಟರ್ ಗಣಪತಿ ತಂದು ಹೊಂಡಕ್ಕೆ ಹಾಕ್ತೀವಿ. ಅದರ ಜಗಳ ಇನ್ನೊಂದು ದಿನ ಆಡೋಣ.

ನನ್ನ ತಪ್ಪಿಗೆ ಬರ್ತೀನಿ. ನಾಲ್ಕು ವರ್ಷದ ಹಿಂದೆ ನಾವು ಒಂಬತ್ತು ಮನೆಯವರು ಕೂಡಿ ಕಾಡುಹಂದಿಗೆ ಸೋಲಾರ್ ಝಟಕಾ ತಂತಿ ಹಾಕಿದ್ವಿ. ಬೇರೆ ಕಡೆ ನೋಡಿ ಬಂದವ ನಾನು, ಪಟ್ಟಿ ಎತ್ತಿದವ ನಾನು. ಮಷಿನ್ ಪೆಟ್ಟಿಗೆ ಕೀಲಿ ನನ್ನ ಉಡದಾರಕ್ಕೆ, ಲೆಕ್ಕದ ವಹಿ ನನ್ನ ಟ್ರಂಕಿನ್ಯಾಗ. ಎರಡು ಸುಗ್ಗಿ ಹಂದಿ ಒಳಗ ಬರಲಿಲ್ಲ, ನಾನು ಎದೆ ಉಬ್ಬಿಸಿ ತಿರುಗಾಡಿದೆ. ಮೂರನೇ ವರ್ಷ ಬದುವಿನ ಮ್ಯಾಲೆ ಜಾರಿ ಬಿದ್ದು ಕಾಲು ಮುರೀತು, ಒಂದೂವರೆ ತಿಂಗಳು ಹಾಸಿಗೆ. ಅಷ್ಟರಾಗ ಹುಲ್ಲು ಬೆಳೆದು ತಂತಿಗೆ ತಾಗಿತು. ಹುಲ್ಲು ತಾಗಿದರೆ ಕರೆಂಟೆಲ್ಲ ಭೂಮಿಗೆ ಇಳಿದು ಝಟಕಾ ಸತ್ತು ಹೋಗತೈತಿ, ನಿಮಗೂ ಗೊತ್ತು. ಹಾಲು ತುಂಬಿದ ಭತ್ತಕ್ಕೆ ಹಂದಿ ನುಗ್ಗಿದವು. ಬಾಜೂಕಿನವ ಬಂದು, "ನಿಮ್ಮ ತಂತಿ ಬಂದ್ ಬಿದ್ದೈತಿ ನೋಡ್ರಿ ಕಾಕಾ" ಅಂದ. ನಿಮ್ಮ ತಂತಿ! ಅವನೂ ರೊಕ್ಕ ಕೊಟ್ಟಿದ್ದ. ಎಲ್ಲರಿಗಿಂತ ಮೊದಲು ಪಟ್ಟಿ ಕೊಟ್ಟಿದ್ದ, ಗಂಡ ಇಲ್ಲದ ಅಕ್ಕನ ಅರ್ಧ ಎಕರೆ ಪೂರ್ತಿ ಹೋತು. ವರ್ಷ ಇಡೀ ಎಂಟೂ ಮಂದಿ ಮ್ಯಾಲೆ ಸಿಟ್ಟಿನಿಂದ ಇದ್ದೆ, ತಂತಿ ಹಂಗೇ ಬಿಟ್ಟೆ. ಮೊನ್ನೆ ಆ ಹುಡುಗನ ಕಂಕುಳದ ಪುಸ್ತಕ ನೋಡಿದ ಮ್ಯಾಲೆ ಸಿಟ್ಟು ತಿರುಗಿ ನನ್ನ ಕಡೆ ಬಂತು.

ಇನ್ನೊಂದು ತಿಂಗಳಿಗೆ ತೆನಿ ಹಾಲು ತುಂಬತಾವ. ಅದಕ್ಕ ಈ ಐತವಾರ ಸಂಜೆ ಐದಕ್ಕೆ ಮಾರುತಿ ಗುಡಿ ಕಟ್ಟೆಗೆ ವಹಿ ತರ್ತೀನಿ, ಜಮಾ-ಖರ್ಚು ಓದ್ತೀನಿ. ಬ್ಯಾಟರಿ ಲೆಕ್ಕದಾಗ 340 ರೂಪಾಯಿ ತಾಳೆ ಆಗಿಲ್ಲ, ಅದನ್ನ ನಾ ತುಂಬ್ತೀನಿ. ಕೀಲಿ ಮೂರು ಮಾಡಿಸೀನಿ. ಆ ಅಕ್ಕನ ಮಗ ಪಿಯುಸಿ ಓದ್ತಾನ, ವಹಿ ಅವನ ಕೈಗೆ ಕೊಡೋಣ ಅಂತ ನನ್ನ ವಿಚಾರ, ನೀವು ಒಪ್ಪಿದರೆ. ಬರುವಾಗ ಕುಡುಗೋಲು ತಗೊಂಡು ಬರ್ರಿ. ತಂತಿ ಕೆಳಗ ಹುಲ್ಲು ಸೊಂಟದ ಮಟ ಬಂದೈತಿ.