ಸರಕು ಡಬ್ಬಿಯ ಅಕ್ಷರಗಳು: ಚಿಕ್ಕನಾಯಕನಹಳ್ಳಿ ಸೀಮೆಯ ಕೊಬ್ಬರಿ ಮತ್ತು ಅದಿರು

ಚಿಕ್ಕನಾಯಕನಹಳ್ಳಿ ಪಟ್ಟಣಕ್ಕೆ ರೈಲುಹಳಿಯಿಲ್ಲ. 1880ರ ದಶಕದಲ್ಲಿ ಬೆಂಗಳೂರಿನಿಂದ ಹರಿಹರದ ಕಡೆಗೆ ಹಾಕಿದ ಮೀಟರ್‌ಗೇಜ್ ಮಾರ್ಗ ಗುಬ್ಬಿ, ತಿಪಟೂರು, ಅರಸೀಕೆರೆಗಳ ಮೂಲಕ ಹಾದುಹೋಯಿತು. ಹೀಗಾಗಿ ಈ ಸೀಮೆಯ ಕೊಬ್ಬರಿಗೆ ತಿಪಟೂರೇ ಹೆಬ್ಬಾಗಿಲಾಯಿತು. ತೆಂಗನ್ನು ಕುರಿತ ನಮ್ಮ ಜಾನಪದ ಅಧ್ಯಯನಗಳು ಹೆಚ್ಚಾಗಿ ತೋಟ, ಅಟ್ಟ, ಮಂಡಿಗಳವರೆಗೆ ಬಂದು ನಿಲ್ಲುತ್ತವೆ. ಮೂಟೆಗಳು ಏರಿದ ಡಬ್ಬಿಯ ಮೈಮೇಲಿನ ಬರಹವೂ ಈ ಪ್ರದೇಶದ ಚರಿತ್ರೆಗೆ ಆಕರವೇ ಎಂಬುದು ಪ್ರಸ್ತುತ ಲೇಖನದ ನಿಲುವು.

ಗುರುತು ಹಾಕುವ ಪದ್ಧತಿ ಈ ನೆಲಕ್ಕೆ ಹೊಸದಲ್ಲ. ಅಮೃತಮಹಲ್ ಕಾವಲುಗಳ ಸರ್ಕಾರಿ ದನಗಳಿಗೆ ಬರೆ ಹಾಕುತ್ತಿದ್ದರು. ಮಂಡಿಯ ಗೋಣಿಚೀಲಗಳ ಮೇಲೆ ವರ್ತಕರು ತಮ್ಮ ಅಕ್ಷರಗಳನ್ನು ಬರೆಸುತ್ತಿದ್ದರು. ಅವು ಹೇಳುವುದು ಒಡೆತನವನ್ನು. ರೈಲ್ವೆಯ ಸಂಕೇತವಾದರೋ ಡಬ್ಬಿಯ ರಚನೆಯನ್ನೂ ಹೇಳುತ್ತದೆ. ‘ಎಂಬಿಸಿ’ ಎಂದರೆ ಮೀಟರ್‌ಗೇಜಿನ, ಬೋಗಿಯುಳ್ಳ, ಮುಚ್ಚಿದ ಡಬ್ಬಿ. ಇಲ್ಲೊಂದು ಮಾತು ಗಮನಾರ್ಹ: ಆಡುಗನ್ನಡದಲ್ಲಿ ಬೋಗಿ ಎಂದರೆ ಇಡೀ ಡಬ್ಬಿ, ತಾಂತ್ರಿಕ ಪರಿಭಾಷೆಯಲ್ಲಿ ಅದು ಡಬ್ಬಿಯ ಅಡಿಯಲ್ಲಿ ಗಾಲಿಗಳನ್ನು ಹೊತ್ತು ತಿರುವಿಗೆ ತಕ್ಕಂತೆ ಹೊರಳುವ ಚೌಕಟ್ಟು ಮಾತ್ರ. ಬೋಗಿಯಿಲ್ಲದ ನಾಲ್ಕು ಗಾಲಿಯ ಹಳೆಯ ಡಬ್ಬಿಗಳಿಂದ ಬೇರ್ಪಡಿಸಲೆಂದೇ ‘ಬಿ’ ಅಕ್ಷರ ಬೇಕಾಯಿತು.

ಈ ಸೀಮೆಯ ಮಟ್ಟಿಗೆ ಮುಖ್ಯವಾದ ಅಕ್ಷರಗಳು ಎರಡು: ಮುಚ್ಚಿದ್ದಕ್ಕೆ ‘ಸಿ’, ತೆರೆದದ್ದಕ್ಕೆ ‘ಒ’. ತಿಂಗಳುಗಟ್ಟಲೆ ಅಟ್ಟದ ಮೇಲೆ ಒಣಗಿ ಉಂಡೆಕೊಬ್ಬರಿಯಾದ ಸರಕು ಒಂದು ಮಳೆಗೆ ಬೂಷ್ಟು ಹಿಡಿಯುತ್ತದೆ. ಅದಕ್ಕೆ ಮುಚ್ಚಿದ ಡಬ್ಬಿಯೇ ಆಗಬೇಕು. ತುರುವೇಕೆರೆ ತಾಲ್ಲೂಕಿನ ಅಮ್ಮಸಂದ್ರದ ಸಿಮೆಂಟಿಗೂ ಹಾಗೆಯೇ. ಚಿಕ್ಕನಾಯಕನಹಳ್ಳಿ ಗುಡ್ಡಗಳ ಕಬ್ಬಿಣ, ಮ್ಯಾಂಗನೀಸ್ ಅದಿರಿಗೆ ಮಳೆಯ ಭಯವಿಲ್ಲ. ಮೇಲಿನಿಂದ ಸುರಿಯಲು ತೆರೆದದ್ದೇ ಅನುಕೂಲ. ತೋಟದ ಮಾಲಿಗೆ ಒಂದು ಅಕ್ಷರ, ಗುಡ್ಡದ ಮಾಲಿಗೆ ಇನ್ನೊಂದು.

ಆದರೆ ಕೊಬ್ಬರಿಯ ಹಣೆಬರಹವನ್ನು ಬದಲಿಸಿದ್ದು ಮೂರನೆಯದೊಂದು ಅಕ್ಷರವೆಂದು ತೋರುತ್ತದೆ. 1980ರ ದಶಕದಿಂದ ಬ್ರಾಡ್‌ಗೇಜಿನಲ್ಲಿ ಹರಡಿದ ‘ಬಿಒಎಕ್ಸ್‌ಎನ್’, ‘ಬಿಸಿಎನ್’ ಡಬ್ಬಿಗಳ ಕೊನೆಯ ‘ಎನ್’ ಗಾಳಿಯೊತ್ತಡದ ಬ್ರೇಕನ್ನು ಸೂಚಿಸುತ್ತದೆ. ಹಳೆಯ ನಿರ್ವಾತ ಬ್ರೇಕಿಗಿಂತ ಉದ್ದವೂ ಭಾರವೂ ಆದ ಗಾಡಿಯನ್ನು ಇದು ತಡೆಯಬಲ್ಲದು. ಬಿಒಎಕ್ಸ್‌ಎನ್ ಡಬ್ಬಿಯ ಮೂಲ ವಿನ್ಯಾಸದ ಹೊರೆ ಸುಮಾರು 58.8 ಟನ್, ಅಂಥ 58 ಡಬ್ಬಿಗಳ ಒಂದು ರೇಕ್ ಎಂದರೆ 3,400 ಟನ್ನಿಗೂ ಮಿಕ್ಕಿದ ಸರಕು. ಬಿಡಿ ಡಬ್ಬಿಗಳನ್ನು ನಿಲ್ದಾಣ ನಿಲ್ದಾಣದಲ್ಲಿ ಜೋಡಿಸಿ ಬಿಚ್ಚುವ ಪದ್ಧತಿ ಹಿಂದೆ ಸರಿದು, ಇಡೀ ರೇಕೇ ಸಾಗಣೆಯ ಘಟಕವಾಯಿತು. ಸಿಮೆಂಟು, ಅದಿರುಗಳಿಗೆ ಇದು ಒಗ್ಗಿತು. ಒಂದೆರಡು ಡಬ್ಬಿಯಷ್ಟು ಮಾಲನ್ನು ಬೇಕಾದಾಗ ಕಳಿಸುವ ಮಂಡಿ ವರ್ತಕನಿಗೆ ಒಗ್ಗಲಿಲ್ಲ. ಮಂಡಿಯ ಬಾಗಿಲಿಗೇ ಬಂದು ನಿಲ್ಲುವ ಲಾರಿ ಅವನನ್ನು ಒಲಿಸಿಕೊಂಡಿತು. 1990ರ ದಶಕದಲ್ಲಿ ಈ ಮಾರ್ಗವೂ ಬ್ರಾಡ್‌ಗೇಜ್ ಆದಾಗ, ಕೊಬ್ಬರಿಯನ್ನು ಮರಳಿ ಕರೆತರುವ ಕಾಲ ಮೀರಿತ್ತು.

ಈಗಿನ ಡಬ್ಬಿಗಳಿಗೆ ಅಕ್ಷರದ ಜೊತೆಗೆ ಹನ್ನೊಂದು ಅಂಕಿಗಳ ಸಂಖ್ಯೆಯೂ ಇದೆ. ಮೊದಲೆರಡು ಅಂಕಿ ಬಗೆಯನ್ನು, ಮುಂದಿನೆರಡು ಒಡೆಯ ವಲಯವನ್ನು (2003ರಲ್ಲಿ ಹುಬ್ಬಳ್ಳಿ ಕೇಂದ್ರವಾಗಿ ಆರಂಭವಾದ ನೈಋತ್ಯ ರೈಲ್ವೆಗೆ 15), ಆಮೇಲಿನೆರಡು ತಯಾರಾದ ವರ್ಷವನ್ನು, ನಂತರದ ನಾಲ್ಕು ಬಿಡಿ ಡಬ್ಬಿಯನ್ನು ಹೇಳುತ್ತವೆ. ಕೊನೆಯದು ತಾಳೆಯ ಅಂಕಿ. ಸಮಸ್ಥಾನದ ಅಂಕಿಗಳ ಮೊತ್ತವನ್ನು ಮೂರರಿಂದ ಗುಣಿಸಿ, ಬೆಸಸ್ಥಾನದವುಗಳ ಮೊತ್ತವನ್ನು ಕೂಡಿಸಿದರೆ, ಹತ್ತರ ಮುಂದಿನ ಗುಣಕಕ್ಕೆ ಎಷ್ಟು ಕಡಿಮೆ ಬೀಳುತ್ತದೆಯೋ ಅದೇ ಆ ಅಂಕಿ. ಬರೆ ಹಾಕಿದ ಎತ್ತಿಗೆ ಜನರ ನೆನಪು ಸಾಕ್ಷಿಯಾದರೆ, ಇಲ್ಲಿ ಸಂಖ್ಯೆಗೆ ಸಂಖ್ಯೆಯೇ ಸಾಕ್ಷಿ.

2011ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ತುಮಕೂರು ಜಿಲ್ಲೆಯ ಕಬ್ಬಿಣದ ಅದಿರು ಗಣಿಗಾರಿಕೆಯನ್ನು ತಡೆದಾಗ ‘ಒ’ ಅಕ್ಷರದ ಕಥೆಯೂ ತುಂಡಾಯಿತು. ಅದರ ವಿವರಗಳು ನ್ಯಾಯಾಲಯದ ಕಡತಗಳಲ್ಲಿ ದೊರೆಯುತ್ತವೆ. ಕೊಬ್ಬರಿಗೆ ಅಂಥ ಕಡತವಿಲ್ಲ. ಹೊರಟ ನಿಲ್ದಾಣ, ಸೇರುವ ನಿಲ್ದಾಣ, ತೂಕ, ಡಬ್ಬಿಯ ಸಂಖ್ಯೆ ಇವೆಲ್ಲ ದಾಖಲಾಗುತ್ತಿದ್ದುದು ಸರಕಿನ ರೈಲ್ವೆ ರಸೀದಿಯಲ್ಲಿ. ತಿಪಟೂರಿನ ಹಳೆಯ ಮಂಡಿಮನೆಗಳ ಲೆಕ್ಕದ ಕಟ್ಟುಗಳು ರದ್ದಿಗೆ ಹೋಗುವ ಮುನ್ನ ಸಂಶೋಧಕರು ಮೊದಲು ಹುಡುಕಬೇಕಾದುದು ಆ ರಸೀದಿಗಳನ್ನೇ.